ಲೇಸ್ ಶಾಲು ಹೆಣೆದು ಮುಗಿಯಿತು, ಆದರೆ ಮುದ್ದೆಯಾಗಿದೆ. ಬ್ಲಾಕಿಂಗ್ ಹೇಗೆ ಮಾಡಲಿ?

ಟಿಳಕವಾಡಿ ಹೆಣಿಗೆ
ಎಲ್ಲರಿಗೂ ನಮಸ್ಕಾರ್ರಿ. ತಂಗಿಯ ಕುಬಸಕ್ಕೆ ಅಂತ ಹಸಿರು ಲೇಸ್ ಶಾಲು ಹೆಣೆದಿದ್ದೇನೆ. ತ್ರಿಕೋನದ್ದು. ನಡುವೆ ಬೆನ್ನೆಲುಬಿನಂಥ ಸಾಲು, ಎರಡೂ ಕಡೆ ಎಲೆ ಡಿಸೈನು, ಅಂಚಿಗೆ ಚೂಪು ತುದಿಗಳು. ನೂಲು ಮೆರಿನೋ ಉಣ್ಣೆ, 100 ಗ್ರಾಂಗೆ 800 ಮೀಟರ್ ಬರುವಷ್ಟು ಸಣ್ಣದು. ಕಡ್ಡಿ 3.5 ಎಂಎಂ.

ಕಡ್ಡಿಯಿಂದ ಇಳಿಸಿದ ಮೇಲೆ ನೋಡಿದರೆ ಎಲೆಯೂ ಕಾಣುತ್ತಿಲ್ಲ, ತೂತೂ ಕಾಣುತ್ತಿಲ್ಲ. ಎಲ್ಲ ಮುದುಡಿಕೊಂಡಿದೆ. ಅಂಚಂತೂ ಒಳಗೆ ಸುರುಳಿ ಸುತ್ತುತ್ತಿದೆ. ಬ್ಲಾಕಿಂಗ್ ಮಾಡಿದರೆ, ಅಂದರೆ ನೆನೆಸಿ, ಎಳೆದು ಪಿನ್ ಮಾಡಿ ಒಣಗಿಸಿದರೆ, ಅರಳುತ್ತದೆ ಅಂತ ವಿಡಿಯೋಗಳಲ್ಲಿ ನೋಡಿದ್ದೇನೆ. ಆದರೆ ಅವರ ಹತ್ತಿರ ಇರುವ ಮ್ಯಾಟು, ತಂತಿ, ಟಿ-ಪಿನ್ನು ಯಾವುದೂ ನನ್ನ ಹತ್ತಿರ ಇಲ್ಲ. ಬೆಳಗಾವಿಯಲ್ಲಿ ಈಗ ಮಳೆ ಬೇರೆ. ಟವೆಲ್ಲೇ ಎರಡು ದಿನ ಒಣಗುವುದಿಲ್ಲ. ಪಕ್ಕದ ಮನೆಯವರು "ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಮಾಡು, ಸುಮ್ನೆ ತಲೆ ಕೆಡಿಸ್ಕೊಬೇಡ" ಅಂತಿದ್ದಾರೆ. ಅತ್ತೆಯವರು ಗಂಜಿ ಹಾಕು ಅಂತಿದ್ದಾರೆ. ಏನು ಮಾಡಲಿ?

ನವನಗರದ ಅಕ್ಕ
ಇಸ್ತ್ರಿ ಬೇಡವೇ ಬೇಡ. ಗಂಜಿಯೂ ಬೇಡ. ನೀರಲ್ಲಿ ನೆನೆಸು, ಎಳೆದು ಪಿನ್ ಮಾಡು, ಒಣಗಲು ಬಿಡು. ಉಣ್ಣೆಗೆ ಇಷ್ಟೇ ಸಾಕು.

ಉಣ್ಣೆ ಉಂಡೆ
ನೀರಿಗೆ ಹಾಕುವ ಮುಂಚೆ ಒಂದು ಪರೀಕ್ಷೆ ಮಾಡಿ. ಅಂಚು ಸುರುಳಿ ಸುತ್ತುತ್ತಿದೆ ಅಂದಿರಲ್ಲ, ಅದೇ ನನಗೆ ಅನುಮಾನ. ಎರಡು ಕೈಯಲ್ಲಿ ಅಂಚು ಹಿಡಿದು ಎಳೆಯಿರಿ. ಆಮೇಲೆ ಅದಕ್ಕಿಂತ ಒಂದು ಗೇಣು ಒಳಗೆ ಹಿಡಿದು ಎಳೆಯಿರಿ. ಒಳಗಿನದು ಚೆನ್ನಾಗಿ ಹಿಗ್ಗಿ, ಅಂಚು ಮಾತ್ರ ಹಗ್ಗದ ಹಾಗೆ ಬಿಗಿಯಾಗಿ ನಿಂತರೆ ಕೊನೆ ಸಾಲು ಮುಚ್ಚಿರುವುದು ಬಿಗಿಯಾಗಿದೆ ಅಂತ ಅರ್ಥ. ಅದನ್ನು ಎಷ್ಟೇ ನೆನೆಸಿ ಎಳೆದರೂ ಸರಿಯಾಗುವುದಿಲ್ಲ. ಚೂಪು ತುದಿ ಬರಬೇಕಾದ ಕಡೆ ಮೊಂಡಾಗಿ ಕೂರುತ್ತದೆ. ಜಾಸ್ತಿ ಎಳೆದರೆ ದಾರವೇ ಹರಿಯಬಹುದು.

ಯಾವ ರೀತಿ ಮುಚ್ಚಿದ್ದೀರಿ?

ಟಿಳಕವಾಡಿ ಹೆಣಿಗೆ
ಸ್ವೆಟರಿಗೆ ಮಾಡುವ ಹಾಗೆ. ಒಂದರ ಮೇಲಿಂದ ಒಂದು ಎತ್ತಿ ಹಾಕಿ ಮುಚ್ಚಿದ್ದು. ಈಗ ಎಳೆದು ನೋಡಿದೆ. ನೀವು ಹೇಳಿದ ಹಾಗೇ ಇದೆ, ಒಳಗೆ ಹಿಗ್ಗುತ್ತದೆ, ಅಂಚು ಹಿಗ್ಗುವುದಿಲ್ಲ.

ಉಣ್ಣೆ ಉಂಡೆ
ಹಾಗಿದ್ದರೆ ಬಿಚ್ಚಿ. ಬೇಜಾರಾಗುತ್ತದೆ, ಗೊತ್ತು. ಆದರೆ ಇಷ್ಟು ದೊಡ್ಡ ಕೆಲಸ ಕೊನೆಯ ಒಂದು ಸಾಲಿಗೋಸ್ಕರ ಹಾಳಾಗುವುದು ಬೇಡ.

ಬಿಚ್ಚುವ ಮುಂಚೆ ಕಾಸ್ಟ್ ಆಫ್ (ಮುಚ್ಚಿದ) ಸಾಲಿನ ಕೆಳಗಿನ ಸಾಲಿನಲ್ಲಿ, ಪ್ರತಿ ಕುಣಿಕೆಯ ಒಳಗಿಂದ ಹಾಯಿಸಿ ಬೇರೆ ಬಣ್ಣದ ಸಣ್ಣ ನೂಲೆಳೆ ಹಾಕಿ. ಬಿಚ್ಚುವಾಗ ಕುಣಿಕೆ ಜಾರಿ ಹೋಗುವುದಿಲ್ಲ. ಆಮೇಲೆ ಕುಣಿಕೆಗಳನ್ನು ಕಡ್ಡಿಗೆ ಏರಿಸಿಕೊಂಡು ಹೀಗೆ ಮುಚ್ಚಿ: ಎರಡು ಕುಣಿಕೆಯನ್ನು ಹಿಂಭಾಗದಿಂದ ಒಟ್ಟಿಗೆ ಹೆಣೆಯಿರಿ. ಬಂದ ಒಂದು ಕುಣಿಕೆಯನ್ನು ಮತ್ತೆ ಎಡಗೈ ಕಡ್ಡಿಗೆ ಹಾಕಿ. ಅದನ್ನೂ ಅದರ ಪಕ್ಕದ್ದನ್ನೂ ಮತ್ತೆ ಹಿಂಭಾಗದಿಂದ ಒಟ್ಟಿಗೆ ಹೆಣೆಯಿರಿ. ಕೊನೆವರೆಗೂ ಇದೇ. ಬಲಗೈಗೆ ಎರಡು ಸೈಜ್ ದೊಡ್ಡ ಕಡ್ಡಿ, ಅಂದರೆ 4.5 ಎಂಎಂ ಹಿಡಿದುಕೊಳ್ಳಿ. ಕೈ ಬಿಗಿ ಇದ್ದವರಿಗೆ 5 ಎಂಎಂ ಆದರೂ ಪರವಾಗಿಲ್ಲ.

ಕ್ಯಾಂಪ್ ಕ್ವಾರ್ಟರ್ಸ್
ಇದಕ್ಕೆ ನನ್ನದೂ ಒಪ್ಪಿಗೆ. ಈ ರೀತಿ ಮುಚ್ಚಿದ ಅಂಚು ಒಣಗಿದ್ದಾಗ ಸ್ವಲ್ಪ ಅಲೆ ಅಲೆಯಾಗಿ, ಸಡಿಲ ಅನ್ನಿಸುತ್ತದೆ. ಹೆದರಬೇಡಿ, ಅದು ಹಾಗೇ ಇರಬೇಕು. ಪಿನ್ ಎಳೆದಾಗ ಆ ಸಡಿಲವೇ ತುದಿಗಳಿಗೆ ಹೋಗುತ್ತದೆ.

ಇನ್ನೊಂದು. ದಾರದ ತುದಿಗಳನ್ನು ಒಳಗೆ ಸೇರಿಸಿ, ಆದರೆ ಈಗಲೇ ಕತ್ತರಿಸಬೇಡಿ. ಎರಡು ಇಂಚು ಬಾಲ ಬಿಡಿ. ಶಾಲು ಹಿಗ್ಗುವಾಗ ಅದೂ ಒಳಗೆ ಜಾರುತ್ತದೆ. ಪೂರ್ತಿ ಒಣಗಿದ ಮೇಲೆ ಕತ್ತರಿಸಿ. ತೂತಿನ ಮೇಲೆ ಅಡ್ಡ ಹಾಯಿಸಬೇಡಿ, ಬೆಳಕಿಗೆ ಹಿಡಿದರೆ ಕಾಣುತ್ತದೆ. ತುಂಬಿದ ಜಾಗದಲ್ಲಿ ಓರೆಯಾಗಿ ಹೋಗಲಿ.

ಗೋಕಾಕ ಕರದಂಟು
ನಾನು ಒಪ್ಪುವುದಿಲ್ಲ ರೀ. ನಮ್ಮ ತಾಯಿ ಜೀವನ ಪೂರ್ತಿ ಸ್ವೆಟರ್ ಹೆಣೆದವರು. ಪ್ರತಿಯೊಂದಕ್ಕೂ ಒದ್ದೆ ಪಂಚೆ ಹಾಸಿ ಇಸ್ತ್ರಿ ಮಾಡುತ್ತಿದ್ದರು. ಒಂದೂ ಕೆಟ್ಟಿಲ್ಲ. ಈ ಪಿನ್ನು, ತಂತಿ, ಮ್ಯಾಟು ಎಲ್ಲ ಹೊಸ ಫ್ಯಾಷನ್ನು.

ಉಣ್ಣೆ ಉಂಡೆ
ನಿಮ್ಮ ತಾಯಿಯವರು ಮಾಡಿದ್ದು ತಪ್ಪಲ್ಲ. ಅವರು ಯಾವ ನೂಲು ಬಳಸುತ್ತಿದ್ದರು ಅನ್ನುವುದು ಮುಖ್ಯ. ನಮ್ಮ ಕಡೆ ಅಂಗಡಿಯಲ್ಲಿ ಸುಲಭವಾಗಿ ಸಿಗುವುದು ಜಾಸ್ತಿ ಅಕ್ರಿಲಿಕ್ ನೂಲು. ಅದಕ್ಕೆ ನೀರು ಏನೂ ಮಾಡುವುದಿಲ್ಲ. ನೆನೆಸಿ ಎಳೆದು ಒಣಗಿಸಿದರೂ ಪಿನ್ ತೆಗೆದ ಮೇಲೆ ಮತ್ತೆ ಮುದುಡುತ್ತದೆ. ಅದು ಪ್ಲಾಸ್ಟಿಕ್ ಜಾತಿಯ ಎಳೆ, ಶಾಖಕ್ಕೆ ಮಾತ್ರ ಬಗ್ಗುತ್ತದೆ. ಆದ್ದರಿಂದ ಅಕ್ರಿಲಿಕ್ಕಿಗೆ ಹಬೆ ಬೇಕು. ಇಸ್ತ್ರಿಪೆಟ್ಟಿಗೆ ಬಟ್ಟೆಗೆ ತಾಗಬಾರದು, ಒಂದು ಇಂಚು ಮೇಲೆ ಹಿಡಿದು ಹಬೆ ಬಿಡಬೇಕು. ತಾಗಿದರೆ ಕುಣಿಕೆ ಚಪ್ಪಟೆಯಾಗಿ ಹೊಳೆಯುತ್ತದೆ. ಅದನ್ನು ಮತ್ತೆ ಸರಿಮಾಡಲು ಆಗುವುದಿಲ್ಲ.

ಉಣ್ಣೆಯ ಗುಣವೇ ಬೇರೆ. ಅದು ನಮ್ಮ ತಲೆಗೂದಲಿನ ಹಾಗೆ. ಒದ್ದೆ ಕೂದಲನ್ನು ಹೇಗೆ ಕಟ್ಟಿ ಒಣಗಿಸುತ್ತೀವೋ ಹಾಗೆ ನಿಲ್ಲುತ್ತದೆ, ಮತ್ತೆ ನೆನೆದರೆ ಮೊದಲಿನ ಹಾಗಾಗುತ್ತದೆ. ಎರಡೂ ಕೆರಾಟಿನ್. ನೀರು ಒಳಗೆ ಹೋದಾಗ ಎಳೆಯೊಳಗಿನ ಸಣ್ಣ ಬಂಧಗಳು ಬಿಡುತ್ತವೆ, ಒಣಗುವಾಗ ಹೊಸ ಜಾಗದಲ್ಲಿ ಮತ್ತೆ ಕೂಡುತ್ತವೆ. ಲೇಸ್ ಅರಳುವುದು ಇದರಿಂದಲೇ.

ಜಮಖಂಡಿ ಜರಿ
ಲೇಬಲ್ ಹರಿದು ಹೋಗಿದ್ದರೆ ಯಾವ ನೂಲು ಅಂತ ಗೊತ್ತಾಗುವುದು ಹೇಗೆ? ನನ್ನ ಹತ್ತಿರ ಒಂದು ಚೀಲ ತುಂಬ ಇದೆ.

ಕ್ಯಾಂಪ್ ಕ್ವಾರ್ಟರ್ಸ್
ಸಣ್ಣ ತುಂಡು ಸುಟ್ಟು ನೋಡಿ. ಚಿಮಟಿಗೆಯಲ್ಲಿ ಹಿಡಿದು, ಕೆಳಗೆ ಸ್ಟೀಲ್ ತಟ್ಟೆ ಇಟ್ಟುಕೊಂಡು. ಉಣ್ಣೆ ಆದರೆ ಕೂದಲು ಸುಟ್ಟ ವಾಸನೆ, ಬೆಂಕಿಯಿಂದ ತೆಗೆದರೆ ತಾನೇ ಆರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಹತ್ತಿ ಆದರೆ ಕಾಗದ ಸುಟ್ಟ ವಾಸನೆ. ಅಕ್ರಿಲಿಕ್ ಕರಗಿ, ಕೊನೆಗೆ ಗಟ್ಟಿ ಕರಿ ಮಣಿ ಉಳಿಯುತ್ತದೆ. ಬಿಸಿ ಮಣಿ ಮುಟ್ಟಬೇಡಿ, ಚರ್ಮಕ್ಕೆ ಅಂಟುತ್ತದೆ.

ಗೋಕಾಕ ಕರದಂಟು
ಚಿಮಟಿಗೆ ಹಿಡಿದು ತಾಯಿಯವರ ಹಳೆ ಸ್ವೆಟರಿನ ಒಂದು ಎಳೆ ಸುಟ್ಟೆ. ಕರಿ ಮಣಿ ಬಂತು. ಸರಿ, ಅಕ್ರಿಲಿಕ್ಕೇ. ಉಣ್ಣೆ ಬಗ್ಗೆ ನೀವು ಹೇಳಿದ್ದು ಒಪ್ಪಿದೆ. ಆದರೆ ಪಿನ್ನು ತಂತಿ ಇಲ್ಲದೆ ಮಾಡುವ ದಾರಿ ಇದ್ದೇ ಇರಬೇಕು, ಅಲ್ವಾ?

ಖಾನಾಪುರ ಮಳೆ
ಇದೆ. ನಾನು ಮಕ್ಕಳು ಆಡುವ ಫೋಮ್ ಮ್ಯಾಟ್ ಬಳಸುತ್ತೇನೆ. ಎ ಬಿ ಸಿ ಡಿ ಇರುತ್ತಲ್ಲ, ಜೋಡಿಸುವಂಥದ್ದು. ಅದೂ ಇಲ್ಲದಿದ್ದರೆ ಟಿವಿ, ಫ್ರಿಜ್ ಬಂದ ಡಬ್ಬದ ಥರ್ಮಾಕೋಲ್ ಹಲಗೆ. ಮೇಲೆ ಬಿಳಿ ಹಳೆ ಪಂಚೆ ಹಾಸಿ. ತಂತಿ ಬದಲಿಗೆ ನುಣುಪಾದ ಹತ್ತಿ ದಾರ ಸಾಕು. ಮೇಲಿನ ನೇರ ಅಂಚಿನ ಉದ್ದಕ್ಕೂ ಪ್ರತಿ ಎರಡು ಸಾಲಿಗೆ ಒಂದು ಸಲ ಹಾಯಿಸಿ, ಎರಡು ತುದಿಯನ್ನೂ ಬಿಗಿಯಾಗಿ ಎಳೆದು ಕಟ್ಟಿ. ನೂರು ಪಿನ್ ಉಳಿಯುತ್ತದೆ.

ಪಿನ್ ಮಾತ್ರ ಜೋಪಾನ. ಸೀರೆಗೆ ಹಾಕುವ ಗುಂಡುಪಿನ್ನು ಎಷ್ಟೋ ತುಕ್ಕು ಹಿಡಿಯುತ್ತವೆ. ಒದ್ದೆ ಬಿಳಿ ಬಟ್ಟೆಗೆ ನಾಲ್ಕೈದು ಪಿನ್ ಚುಚ್ಚಿ ರಾತ್ರಿ ಪೂರ್ತಿ ಬಿಡಿ. ಬೆಳಿಗ್ಗೆ ಸುತ್ತಲೂ ಕೆಂಪು ಉಂಗುರ ಕಂಡರೆ ಆ ಡಬ್ಬಿಯೇ ಬೇಡ.

ಜಮಖಂಡಿ ಜರಿ
ತುಕ್ಕಿನ ಕಲೆ ಆದರೆ ಬ್ಲೀಚ್ ಹಾಕಬಹುದಾ?

ಉಣ್ಣೆ ಉಂಡೆ
ಅಯ್ಯೋ ಬೇಡ! ಕ್ಲೋರಿನ್ ಬ್ಲೀಚ್ ಉಣ್ಣೆಯನ್ನೇ ಕರಗಿಸಿಬಿಡುತ್ತದೆ. ವಾಷಿಂಗ್ ಸೋಡಾ, ಬಟ್ಟೆ ಸೋಪಿನ ಬಾರು ಇವೂ ಬೇಡ. ಉಣ್ಣೆಗೆ ಕ್ಷಾರ ಆಗುವುದಿಲ್ಲ.

ಗುಮ್ಮಟನಗರಿ
ವಿಜಯಪುರದವರಿಗೆ ಇನ್ನೊಂದು ಸಮಸ್ಯೆ ಇದೆ, ನೀರು. ನಮ್ಮ ಬೋರಿನ ನೀರು ಗಡಸು. ಅದರಲ್ಲಿ ಸೋಪು ಹಾಕಿದರೆ ಬೂದಿಯಂಥ ಪದರ ಬಿಡುತ್ತದೆ, ಉಣ್ಣೆ ಒಣಗಿದ ಮೇಲೆ ಒರಟಾಗುತ್ತದೆ. ನಾನು ಶಾಲು ನೆನೆಸಲು ಮಳೆ ನೀರು ಹಿಡಿದಿಡುತ್ತೇನೆ. ಅದಿಲ್ಲದಿದ್ದರೆ ಫಿಲ್ಟರ್ ನೀರು. ಬೋರಿನ ನೀರೇ ಗತಿ ಅಂದಾಗ ಕೊನೆಯ ನೀರಿಗೆ ಒಂದು ಚಮಚ ಬಿಳಿ ವಿನೆಗರ್ ಹಾಕುತ್ತೇನೆ. ಬೆಳಗಾವಿಯವರು ಪುಣ್ಯವಂತರು, ಈಗ ಆಕಾಶದಿಂದಲೇ ಮೆತ್ತಗಿನ ನೀರು ಬರುತ್ತಿದೆ, ಒಂದು ಬಕೆಟ್ ಇಟ್ಟರೆ ಆಯಿತು.

ಟಿಳಕವಾಡಿ ಹೆಣಿಗೆ
ಅಂಚು ಬಿಚ್ಚಿ ಹೊಸದಾಗಿ ಮುಚ್ಚಿದೆ. ಈಗ ಅಂಚೂ ಒಳಗಿನಷ್ಟೇ ಹಿಗ್ಗುತ್ತಿದೆ. ಉಣ್ಣೆ ಉಂಡೆಯವರಿಗೆ ತುಂಬಾ ಥ್ಯಾಂಕ್ಸ್. ಮಳೆ ನೀರೂ ಹಿಡಿದಿದ್ದೇನೆ. ಎಷ್ಟು ಹೊತ್ತು ನೆನೆಸಬೇಕು? ಬಿಸಿ ನೀರಾ ತಣ್ಣೀರಾ? ಬಣ್ಣ ಬಿಟ್ಟರೆ?

ನವನಗರದ ಅಕ್ಕ
ಉಗುರು ಬೆಚ್ಚಗಿನ ನೀರು. ಉಣ್ಣೆ ಬಟ್ಟೆ ತೊಳೆಯುವ ಈಝಿ ಇದ್ದರೆ ಅರ್ಧ ಮುಚ್ಚಳ, ಇಲ್ಲದಿದ್ದರೆ ಮಕ್ಕಳ ಶಾಂಪೂ ನಾಲ್ಕು ಹನಿ. ಶಾಲನ್ನು ನೀರಿನ ಮೇಲೆ ಇಟ್ಟು ಮೆಲ್ಲಗೆ ಒತ್ತಿ, ಗಾಳಿಗುಳ್ಳೆ ಹೋಗಿ ತಾನೇ ಮುಳುಗುತ್ತದೆ. ಅರ್ಧ ಗಂಟೆ ಮುಟ್ಟಬೇಡಿ. ಉಜ್ಜುವುದು, ಕುಕ್ಕುವುದು, ಹಿಂಡುವುದು ಮೂರೂ ಇಲ್ಲ. ಬಿಸಿ ನೀರಲ್ಲಿ ಉಜ್ಜಿದರೆ ಉಣ್ಣೆಯ ಮೇಲಿನ ಹುರುಪೆಗಳು ಒಂದಕ್ಕೊಂದು ಸಿಕ್ಕಿಕೊಂಡು ಗಟ್ಟಿ ಕಂಬಳಿಯಾಗುತ್ತದೆ.

ಬಣ್ಣ ಬಿಡುತ್ತದಾ ಅಂತ ಮೊದಲೇ ಉಳಿದ ನೂಲು ತುಂಡನ್ನು ಬಿಳಿ ಬಟ್ಟೆಯಲ್ಲಿ ಒದ್ದೆ ಮಾಡಿ ಒತ್ತಿ ನೋಡಿ. ಹಸಿರು ಸ್ವಲ್ಪ ಬಿಟ್ಟರೆ ನೀರು ತಿಳಿಯಾಗುವವರೆಗೆ ಬದಲಿಸಿ. ಒಂದೇ ಬಣ್ಣದ ಶಾಲು ಆದ್ದರಿಂದ ಚಿಂತೆ ಇಲ್ಲ. ಹಾಸುವ ಪಂಚೆ ಮಾತ್ರ ಹಳೆಯದಿರಲಿ.

ಉಣ್ಣೆ ಉಂಡೆ
ನಿಮ್ಮ ಮೆರಿನೋ ಸೂಪರ್‌ವಾಶಾ (ತೊಳೆದರೆ ಗಟ್ಟಿಯಾಗದ ಹಾಗೆ ಸಂಸ್ಕರಿಸಿದ್ದಾ) ಅಂತ ಲೇಬಲ್ ನೋಡಿ. ಸೂಪರ್‌ವಾಶ್ ಆದರೆ ಗಟ್ಟಿಯಾಗುವ ಭಯ ಕಡಿಮೆ, ಆದರೆ ಒದ್ದೆಯಾದಾಗ ಬಹಳ ಜೋತು ಬೀಳುತ್ತದೆ. ನೀರಿಂದ ಎತ್ತುವಾಗ ಎರಡೂ ಕೈಯಲ್ಲಿ ತಳದಿಂದ ಎತ್ತಿ, ಒಂದು ತುದಿ ಹಿಡಿದು ನೇತಾಡಿಸಬೇಡಿ. ಟವೆಲ್ ಮೇಲೆ ಹರಡಿ, ಸುರುಳಿ ಸುತ್ತಿ, ಮೇಲೆ ನಿಂತು ಕಾಲಿಂದ ಒತ್ತಿ. ನೀರು ಪೂರ್ತಿ ಟವೆಲ್ಲಿಗೆ ಹೋಗಲಿ. ಮಳೆಗಾಲದಲ್ಲಿ ಈ ಕೆಲಸ ಎರಡು ಟವೆಲ್ಲಲ್ಲಿ ಮಾಡಿ, ಒಣಗುವ ಹೊತ್ತು ಅರ್ಧ ಉಳಿಯುತ್ತದೆ.

ಮಗ್ಗದ ಮನೆ, ಇಳಕಲ್ಲ
ನಾವು ನೇಯುವವರು, ಹೆಣಿಗೆ ಗೊತ್ತಿಲ್ಲ. ಆದರೆ ಗಂಜಿ ವಿಷಯ ಬಂದಿದೆ, ಹೇಳಲೇಬೇಕು. ಗಂಜಿ ಹಾಕುವುದು ಹಾಸಿನ ಎಳೆಗೆ, ಅಂದರೆ ಮಗ್ಗಕ್ಕೆ ಉದ್ದಕ್ಕೆ ಬಿಗಿಯುವ ಎಳೆಗೆ. ಮಗ್ಗದಲ್ಲಿ ಹಾಸಿನ ಎಳೆ ತಿಕ್ಕಾಟಕ್ಕೆ ಹರಿಯಬಾರದು ಅಂತ. ಕಂಬಳಿ ನೇಯುವವರು ಹುಣಸೆ ಬೀಜದ ಗಂಜಿ ಹಾಕುತ್ತಾರೆ, ಅದೂ ಇದಕ್ಕೇ. ಹೆಣೆದ ಶಾಲಿಗೆ ಗಂಜಿ ಹಾಕಿದರೆ ಅದು ಬಿರುಸಾಗುತ್ತದೆ, ಮೈಮೇಲೆ ಇಳಿಬೀಳುವ ಗುಣವೇ ಹೋಗುತ್ತದೆ. ಹುಳಕ್ಕೂ ಊಟ.

ನೀವು ಪಿನ್ ಪಿನ್ ಅಂತಿದ್ದೀರಿ. ಒಂದು ಚೌಕಟ್ಟಿಗೆ ಕಟ್ಟಿ ಯಾಕೆ ಎಳೆಯಬಾರದು? ಎಳೆತ ಸಮವಾಗಿ ಬರಬೇಕಾದರೆ ಚೌಕಟ್ಟೇ ಸರಿ. ಪಿನ್ನಿನಲ್ಲಿ ಒಂದು ಕಡೆ ಜಾಸ್ತಿ ಒಂದು ಕಡೆ ಕಡಿಮೆ ಆಗುವುದಿಲ್ಲವಾ?

ಕ್ಯಾಂಪ್ ಕ್ವಾರ್ಟರ್ಸ್
ಬಹಳ ಒಳ್ಳೆಯ ಮಾತು! ಪ್ರಪಂಚದ ಹೆಸರಾಂತ ಲೇಸ್ ಶಾಲುಗಳು ಎಷ್ಟೋ ಚೌಕಟ್ಟಿಗೇ ಏರಿದವು. ಸ್ಕಾಟ್ಲೆಂಡಿನ ಶೆಟ್‌ಲ್ಯಾಂಡ್ ದ್ವೀಪಗಳಲ್ಲಿ, ಅದರಲ್ಲೂ ಅನ್‌ಸ್ಟ್ ದ್ವೀಪದಲ್ಲಿ, ಉಂಗುರದೊಳಗಿಂದ ಹಾದು ಹೋಗುವಷ್ಟು ನವುರಾದ ಶಾಲು ಹೆಣೆಯುತ್ತಾರೆ. ತೊಳೆದ ಮೇಲೆ ಮರದ ಚೌಕಟ್ಟಿಗೆ ದಾರದಿಂದ ಕಟ್ಟಿ ಎಳೆಯುತ್ತಾರೆ. ರಷ್ಯಾದ ಒರೆನ್‌ಬರ್ಗಿನಲ್ಲಿ ಮೇಕೆಯ ಒಳತುಪ್ಪಳದ ಶಾಲಿಗೂ ಹಾಗೇ. ಎಸ್ಟೋನಿಯಾದ ಹಾಪ್ಸಾಲು ಊರಿನ ಶಾಲಿಗೆ ಅಂಚನ್ನು ಬೇರೆಯಾಗಿ ಹೆಣೆದು, ಸಡಿಲ ಹೊಲಿಗೆಯಲ್ಲಿ ಜೋಡಿಸಿ, ಆಮೇಲೆ ಚೌಕಟ್ಟಿಗೆ ಹಾಕುತ್ತಾರೆ. ಆ ಸಡಿಲ ಹೊಲಿಗೆ ಯಾಕೆ ಅಂದರೆ ಮತ್ತೆ ಅದೇ ಕಾರಣ, ಅಂಚು ಹಿಗ್ಗಬೇಕು.

ಖಾನಾಪುರ ಮಳೆ
ಚೌಕಟ್ಟು ಚೌಕ ಶಾಲಿಗೆ ಚೆನ್ನ. ತ್ರಿಕೋನಕ್ಕೆ ಕಷ್ಟ. ಚೌಕಟ್ಟು ಮಾಡಿಸಲು ಬಡಗಿ ಹತ್ತಿರ ಯಾರು ಹೋಗುತ್ತಾರೆ?

ಮಗ್ಗದ ಮನೆ, ಇಳಕಲ್ಲ
ಬಡಗಿ ಯಾಕೆ? ಮನೆಯಲ್ಲಿ ಹೊರಸು ಇಲ್ಲವಾ?

ನವನಗರದ ಅಕ್ಕ
ಹೊರಸು! ನಾನು ಯಾಕೆ ಇಷ್ಟು ದಿನ ಮ್ಯಾಟಿನ ಮೇಲೆ ಬಗ್ಗಿ ಬಗ್ಗಿ ಬೆನ್ನು ನೋಯಿಸಿಕೊಂಡೆ!

ನವಾರಿನ ಹೊರಸು ಆದರೆ ಪಟ್ಟಿಗೇ ನೇರ ಪಿನ್ ಚುಚ್ಚಬಹುದು. ನಾಲ್ಕು ಕಡೆ ಮರಕ್ಕೆ ದಾರವನ್ನೂ ಕಟ್ಟಬಹುದು. ಕೆಳಗಿಂದಲೂ ಗಾಳಿ ಆಡುತ್ತದೆ. ಮಳೆಗಾಲದಲ್ಲಿ ಇದೇ ಮುಖ್ಯ. ಫೋಮ್ ಮ್ಯಾಟಿನ ಮೇಲೆ ಅಡಿಭಾಗ ತಣ್ಣಗೇ ಉಳಿಯುತ್ತದೆ.

ಖಾನಾಪುರ ಮಳೆ
ಗಾಳಿಯ ಮಾತು ನಿಜ. ಮ್ಯಾಟಿನ ಅಡಿ ಒದ್ದೆಯಾಗಿಯೇ ಇರುತ್ತದೆ, ನಮ್ಮ ಖಾನಾಪುರದ ಮಳೆಯಲ್ಲಂತೂ ಮುಗ್ಗಲು ವಾಸನೆ ಬರುತ್ತದೆ. ಆದರೂ ಸಣ್ಣ ಶಾಲಿಗೆ ಮ್ಯಾಟೇ ಸಲೀಸು ಅಂತ ನನ್ನ ಮಾತು.

ಉಣ್ಣೆ ಉಂಡೆ
ತ್ರಿಕೋನಕ್ಕೆ ಕ್ರಮ ಹೀಗಿರಲಿ. ಮೊದಲು ಮೇಲಿನ ನೇರ ಅಂಚು, ಖಾನಾಪುರದವರು ಹೇಳಿದ ಹಾಗೆ ದಾರ ಹಾಯಿಸಿ ಹೊರಸಿನ ಉದ್ದದ ಪಟ್ಟಿಗೆ ಸಮ ಕಟ್ಟಿ. ಆಮೇಲೆ ನಡುವಿನ ಬೆನ್ನೆಲುಬು ಕೆಳಗೆ ನೇರ ಇಳಿಯಲಿ, ಕೊನೆಯ ತುದಿಗೆ ಒಂದು ಪಿನ್. ಟೇಪಿನಿಂದ ಅಳೆಯಿರಿ, ನಡುವಿನಿಂದ ಎಡ ಬಲ ಎರಡೂ ಒಂದೇ ಇರಬೇಕು. ಇಷ್ಟಾದ ಮೇಲೆ ಮಾತ್ರ ಚೂಪು ತುದಿಗಳಿಗೆ ಬನ್ನಿ. ಎಡಕ್ಕೊಂದು ಬಲಕ್ಕೊಂದು, ಜೋಡಿ ಜೋಡಿಯಾಗಿ. ಒಂದು ಕಡೆ ಪೂರ್ತಿ ಮುಗಿಸಿ ಇನ್ನೊಂದು ಕಡೆ ಹೋದರೆ ಬೆನ್ನೆಲುಬು ಓರೆಯಾಗುತ್ತದೆ. ಪಿನ್ ಹೊರಕ್ಕೆ ವಾಲಿರಲಿ, ನೆಟ್ಟಗೆ ಚುಚ್ಚಿದರೆ ಎಳೆತಕ್ಕೆ ಕಿತ್ತು ಬರುತ್ತದೆ. ಎಲ್ಲ ಪಿನ್ ಒಂದೇ ಸಲ ಅಂತಿಮ ಅಲ್ಲ. ಒಂದು ಸುತ್ತು ಹಾಕಿ, ಮತ್ತೆ ಸುತ್ತು ಬಂದು ಇನ್ನಷ್ಟು ಎಳೆಯಿರಿ.

ಜಮಖಂಡಿ ಜರಿ
ಎಷ್ಟು ಎಳೆಯಬೇಕು? ಹರಿಯುವ ಭಯ ಆಗುತ್ತದೆ.

ಉಣ್ಣೆ ಉಂಡೆ
ಬೆರಳಿಂದ ತಟ್ಟಿದರೆ ಪುಟಿಯಬೇಕು. ತೂತುಗಳು ಪೂರ್ತಿ ತೆರೆದು, ಎಲೆಯ ನಡುವಿನ ಗೆರೆ ನೇರ ಕಾಣಬೇಕು. ಇಳಿಸಿದ ಅಳತೆಗಿಂತ ಕಾಲು ಭಾಗ ಜಾಸ್ತಿ ಬರುವುದು ಮಾಮೂಲು. ಪಿನ್ ತೆಗೆದ ಮೇಲೆ ಸ್ವಲ್ಪ ಹಿಂದಕ್ಕೆ ಹೋಗುತ್ತದೆ, ಅದನ್ನು ಲೆಕ್ಕಕ್ಕೆ ಇಟ್ಟು ಒಂದೆರಡು ಇಂಚು ಹೆಚ್ಚೇ ಎಳೆಯಿರಿ. ಕುಣಿಕೆ ಎಲ್ಲೂ ಬಿಟ್ಟಿಲ್ಲ ಅಂತ ಎಳೆಯುವ ಮುಂಚೆ ಒಂದು ಸಲ ಕಿಟಕಿಗೆ ಹಿಡಿದು ನೋಡಿಬಿಡಿ.

ಗುಮ್ಮಟನಗರಿ
ಒಣಗಿಸುವ ಬಗ್ಗೆ. ನಮ್ಮಲ್ಲಿ ಏಪ್ರಿಲ್ ಮೇ ತಿಂಗಳಲ್ಲಿ ಮಧ್ಯಾಹ್ನದೊಳಗೆ ಒಣಗುತ್ತದೆ, ಅದಕ್ಕೇ ಬಿಸಿಲಿಗೆ ಇಡಲು ಎಲ್ಲರಿಗೂ ಆಸೆ. ಇಡಬೇಡಿ. ಬಿಳಿ ಉಣ್ಣೆ ಹಳದಿಯಾಗುತ್ತದೆ, ಬಣ್ಣದ್ದು ಮಾಸುತ್ತದೆ. ನೆರಳು, ಫ್ಯಾನು ಸಾಕು.

ಕ್ಯಾಂಪ್ ಕ್ವಾರ್ಟರ್ಸ್
ಬೆಳಗಾವಿ ಮಳೆಯಲ್ಲಿ ಟೇಬಲ್ ಫ್ಯಾನನ್ನು ಹೊರಸಿನ ಕೆಳಗೆ ಇಡಿ, ಮೇಲಕ್ಕೆ ಮುಖ ಮಾಡಿ. ಒಣಗಿದೆ ಅಂತ ಕೈಗೆ ಅನ್ನಿಸಿದರೂ ಕೂಡಲೇ ಬಿಚ್ಚಬೇಡಿ. ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದು ಭಾಗ ತೇವ ಹಿಡಿದುಕೊಂಡರೂ ಒಣಗಿದ ಹಾಗೇ ಅನ್ನಿಸುತ್ತದೆ. ಕೆನ್ನೆಗೆ ಇಟ್ಟು ನೋಡಿ, ತಣ್ಣಗಿದ್ದರೆ ಇನ್ನೂ ಒಳಗೆ ನೀರಿದೆ.

ಕಂಬಳಿ ಕುರಿ
ಮಧ್ಯೆ ಒಂದು ಪ್ರಶ್ನೆ. ನಮ್ಮ ಡೆಕ್ಕನಿ ಕುರಿಯ ಉಣ್ಣೆಯಲ್ಲಿ ಇಂಥ ಶಾಲು ಹೆಣೆಯಬಹುದಾ? ಕುರಿಗಾರರು ಉಣ್ಣೆಗೆ ಬೆಲೆಯೇ ಇಲ್ಲ ಅಂತ ಕೊರಗುತ್ತಾರೆ. ಮೆರಿನೋ ಹೊರಗಿಂದ ತರಿಸುತ್ತೇವೆ, ಮನೆ ಮುಂದಿನದು ಬೇಡವಾ?

ಮಗ್ಗದ ಮನೆ, ಇಳಕಲ್ಲ
ಕುರಿಗಾರರ ಮಾತು ನಿಜ, ಸಂಕಟವೇ. ಆದರೆ ಆ ಉಣ್ಣೆ ದಪ್ಪ, ಬಿರುಸು. ಕಂಬಳಿಗೆ ಹೇಳಿ ಮಾಡಿಸಿದ್ದು. ಕುತ್ತಿಗೆಗೆ ಚುಚ್ಚುತ್ತದೆ.

ಉಣ್ಣೆ ಉಂಡೆ
ಕುತ್ತಿಗೆಗೆ ಬೇಡ, ಆದರೆ ಸ್ವೆಟರಿನ ಮೇಲೆ ಹೊದೆಯುವ ದೊಡ್ಡ ಶಾಲಿಗೆ ಯಾಕಾಗಬಾರದು? ದಪ್ಪ ನೂಲು, 6 ಎಂಎಂ ಕಡ್ಡಿ, ದೊಡ್ಡ ತೂತಿನ ಸರಳ ಡಿಸೈನು. ಕುರಿಮರಿಯ ಮೊದಲ ಕತ್ತರಿಯ ಉಣ್ಣೆ ಸಿಕ್ಕರೆ ಇನ್ನೂ ಮೆತ್ತಗಿರುತ್ತದೆ. ಕರಿ ಬಣ್ಣ ಕುರಿಯದೇ, ಬಣ್ಣ ಹಾಕುವ ಕೆಲಸವೂ ಇಲ್ಲ. ನೂಲು ಮುಗಿದಾಗ ಎರಡು ತುದಿ ಒದ್ದೆ ಮಾಡಿ ಅಂಗೈಯಲ್ಲಿ ಉಜ್ಜಿದರೆ ತಾನೇ ಕೂಡಿಕೊಳ್ಳುತ್ತದೆ, ಗಂಟು ಬೇಡ. ಸೂಪರ್‌ವಾಶ್ ನೂಲಿಗೆ ಇದು ಆಗುವುದಿಲ್ಲ.

ಕಂಬಳಿ ಕುರಿ
ಯಾರಾದರೂ ಮಾಡುವುದಾದರೆ ನಾನು ಉಣ್ಣೆ ಕೊಡಿಸುತ್ತೇನೆ. ನೂಲುವ ಅಜ್ಜಿಯರು ನಮ್ಮ ಹಳ್ಳಿಯಲ್ಲಿ ಇನ್ನೂ ಇದ್ದಾರೆ.

ನವನಗರದ ಅಕ್ಕ
ನಾನು ಮಾಡುತ್ತೇನೆ. ಮೆಸೇಜ್ ಮಾಡಿ.

ಗೋಕಾಕ ಕರದಂಟು
ಕುಬಸಕ್ಕೆ ಹಸಿರು ಶಾಲು ಅಂದರೆ ಬಹಳ ಚೆಂದ. ಹಸಿರು ಸೀರೆ, ಹಸಿರು ಬಳೆ, ಮೇಲೆ ಇದು. ಬಾಣಂತನದಲ್ಲೂ ಬೆಚ್ಚಗೆ. ಬಳೆಗೆ ಸಿಕ್ಕಿಕೊಳ್ಳದ ಹಾಗೆ ಮಾತ್ರ ನೋಡಿಕೊಳ್ಳಲು ಹೇಳಿ.

ಟಿಳಕವಾಡಿ ಹೆಣಿಗೆ
ಒಣಗಿತು! ಅತ್ತೆಯವರ ಹಳೆ ನವಾರು ಹೊರಸನ್ನು ಅಟ್ಟದಿಂದ ಇಳಿಸಿ ಅದರ ಮೇಲೇ ಮಾಡಿದೆ. ನಡುವಿನ ಬೆನ್ನೆಲುಬು 27 ಇಂಚು ಇದ್ದದ್ದು 34 ಆಗಿದೆ. ಒಂದೊಂದು ಎಲೆಯೂ ಬಿಡಿ ಬಿಡಿಯಾಗಿ ಕಾಣುತ್ತಿದೆ. ಚೂಪು ತುದಿಗಳು ಎಲ್ಲ ಒಂದೇ ಸಮ. ಅತ್ತೆಯವರು ಗಂಜಿ ಮಾತು ಬಿಟ್ಟು, ತಮಗೊಂದು ಬಿಳಿ ಶಾಲು ಬೇಕು ಅಂದಿದ್ದಾರೆ. ಕುಬಸದವರೆಗೆ ಹೇಗೆ ಇಡಲಿ?

ಕ್ಯಾಂಪ್ ಕ್ವಾರ್ಟರ್ಸ್
ಅಭಿನಂದನೆ ರೀ! ನೇತು ಹಾಕಬೇಡಿ, ಜೋತು ಬಿದ್ದು ಆಕಾರ ಕೆಡುತ್ತದೆ. ಹಳೆ ಹತ್ತಿ ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿಡಿ. ಪ್ಲಾಸ್ಟಿಕ್ ಚೀಲ ಈ ಮಳೆಯಲ್ಲಿ ಬೇಡ, ತೇವ ಒಳಗೇ ಉಳಿಯುತ್ತದೆ. ಒಣ ಬೇವಿನ ಎಲೆಯನ್ನು ಸಣ್ಣ ಚೀಲದಲ್ಲಿ ಕಟ್ಟಿ ಪಕ್ಕದಲ್ಲಿಡಿ, ಆಗಾಗ ತೆಗೆದು ಕೊಡವಿ. ತಂಗಿಗೆ ಹೇಳಿ, ಪ್ರತಿ ಸಲ ತೊಳೆದಾಗಲೂ ಹೀಗೇ ಎಳೆದು ಒಣಗಿಸಬೇಕು.

ಜಮಖಂಡಿ ಜರಿ
ನಾನು ಹತ್ತಿ ನೂಲಲ್ಲಿ ಇದೇ ಶಾಲು ಮಾಡಬೇಕು ಅಂತಿದ್ದೇನೆ. ನಮ್ಮ ಸೆಕೆಗೆ ಉಣ್ಣೆ ಯಾರು ಹೊದೆಯುತ್ತಾರೆ? ಹೊರಸಿನ ಮೇಲೆ ಅದೂ ಅರಳುತ್ತದಾ?

ಉಣ್ಣೆ ಉಂಡೆ
ಅರಳುತ್ತದೆ, ಆದರೆ ಉಣ್ಣೆಯಷ್ಟು ಹಿಡಿದು ನಿಲ್ಲುವುದಿಲ್ಲ. ಹತ್ತಿಗೆ ಪುಟಿಯುವ ಗುಣ ಇಲ್ಲ, ಹೊದ್ದಷ್ಟೂ ಉದ್ದ ಜೋಲುತ್ತದೆ. ಅದಕ್ಕೆ ಅರ್ಧ ಸೈಜ್ ಸಣ್ಣ ಕಡ್ಡಿ ಹಿಡಿಯಿರಿ, ತೂತು ಕಡಿಮೆ ಇರುವ ಡಿಸೈನು ಆರಿಸಿ, ಮೇಲಿನ ಅಂಚಿಗೆ ಒಂದು ಸಾಲು ಕ್ರೋಶಾ ಹಾಕಿ. ನಮ್ಮ ಕಡೆ ಕೈಮಗ್ಗದವರ ಹತ್ತಿರ ಸಣ್ಣ ಹತ್ತಿ ನೂಲು ಸಿಗುತ್ತದೆ, ಎರಡು ಮೂರು ಎಳೆ ಕೂಡಿಸಿಕೊಂಡು ಅಂಗೈ ಅಗಲದ ತುಂಡು ಹೆಣೆದು, ತೊಳೆದು, ಪಿನ್ ಮಾಡಿ ನೋಡಿ. ಅದು ಒಣಗಿದ ಮೇಲೆ ಎಷ್ಟು ಹಿಗ್ಗಿದೆ ಅಂತ ಅಳೆದು ಇಲ್ಲಿ ಹಾಕಿ, ಶಾಲಿಗೆ ಎಷ್ಟು ಕುಣಿಕೆ ಬೇಕು ಅಂತ ಲೆಕ್ಕ ಹಾಕೋಣ.

ಜಮಖಂಡಿ ಜರಿ
ಸರಿ. ಬಿಳಿ ನೂಲು ಮೂರು ಎಳೆ ಕೂಡಿಸಿ ಇವತ್ತೇ ಶುರು ಮಾಡುತ್ತೇನೆ.